ಹೆಣ್ಣುಮಕ್ಕಳ ಬೇಸಿಗೆ ಶಿಬಿರ ಮತ್ತು ಹೊರಾಂಗಣ ಚಟುವಟಿಕೆಗಳು: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ತಿಂಗಳಲ್ಲಿ ಪರೀಕ್ಷೆಯ ವೇಳಾಪಟ್ಟಿ ಶಾಲೆಯ ಫಲಕದಲ್ಲಿ ಕಾಣಿಸಿಕೊಂಡ ಕೂಡಲೇ ಪೋಷಕರ ಕರೆಗಳೂ ಆರಂಭವಾಗುತ್ತವೆ. ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಹುಡುಗಿಯರ ದಳವನ್ನು ನಡೆಸುವ ಗೈಡ್ ಕ್ಯಾಪ್ಟನ್ ಆಗಿ ಹಲವು ಬೇಸಿಗೆಗಳನ್ನು ಹುಡುಗಿಯರೊಂದಿಗೆ ಡೇರೆಗಳಲ್ಲಿ ಕಳೆದಿರುವ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹಾವು, ಬೆಟ್ಟ ಮತ್ತು ನೀರಿನ ಕುರಿತಾಗಿರುತ್ತವೆ. ಅವುಗಳಿಗೆ ಇಲ್ಲಿ ಉತ್ತರವಿದೆ. ಆದರೆ ಹುಡುಗಿಯೊಬ್ಬಳ ಶಿಬಿರ ಕೆಡುವುದು ಬಹುತೇಕ ಬೆಟ್ಟದ ಮೇಲಲ್ಲ, ಬಚ್ಚಲುಮನೆಯ ಬಾಗಿಲಲ್ಲಿ ಎಂಬುದು ನಾನು ಕಂಡ ಸಂಗತಿಯಾದ್ದರಿಂದ, ಯಾರೂ ಕೇಳದ ಕೆಲವು ಪ್ರಶ್ನೆಗಳನ್ನು ನಾನೇ ಸೇರಿಸಿದ್ದೇನೆ.

ಮಗಳನ್ನು ಎಷ್ಟನೆಯ ವಯಸ್ಸಿನಿಂದ ಶಿಬಿರಕ್ಕೆ ಕಳುಹಿಸಬಹುದು?

ಬೆಳಿಗ್ಗೆ ಹೋಗಿ ಸಂಜೆ ಮರಳುವ ಶಿಬಿರಕ್ಕೆ ಆರೇಳು ವರ್ಷದ ಮಕ್ಕಳೂ ಸಂತೋಷವಾಗಿ ಹೊಂದಿಕೊಳ್ಳುತ್ತಾರೆ. ರಾತ್ರಿ ತಂಗುವ ಶಿಬಿರಕ್ಕೆ ಹತ್ತು ವರ್ಷ ದಾಟಿರುವುದು ಒಳ್ಳೆಯದು. ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿಯೂ ಚಿಕ್ಕ ಹುಡುಗಿಯರು ಬುಲ್‌ಬುಲ್‌ಗಳಾಗಿರುತ್ತಾರೆ, ಹತ್ತು ದಾಟಿದವರು ಗೈಡ್‌ಗಳಾಗುತ್ತಾರೆ, ಮುಂದೆ ಕಾಲೇಜಿನ ವಯಸ್ಸಿನಲ್ಲಿ ರೇಂಜರ್‌ಗಳಾಗುತ್ತಾರೆ. ಆದರೆ ನಾನು ವಯಸ್ಸಿಗಿಂತ ಹೆಚ್ಚಾಗಿ ಮೂರು ಸಂಗತಿಗಳನ್ನು ನೋಡುತ್ತೇನೆ: ಹುಡುಗಿಗೆ ತನ್ನ ತಲೆಯನ್ನು ತಾನೇ ಬಾಚಿಕೊಳ್ಳಲು ಬರುತ್ತದೆಯೇ, ತನ್ನ ಒಳಬಟ್ಟೆಯನ್ನು ತಾನೇ ಒಗೆದುಕೊಳ್ಳುತ್ತಾಳೆಯೇ, ರಾತ್ರಿ ಭಯವಾದರೆ ಅಥವಾ ಮೈಗೆ ಸರಿಯಿಲ್ಲದಿದ್ದರೆ ಅಪರಿಚಿತ ಹಿರಿಯರನ್ನು ಎಬ್ಬಿಸಿ ಹೇಳುವಷ್ಟು ಬಾಯಿ ಅವಳಿಗಿದೆಯೇ. ಈ ಮೂರನೆಯದು ಇಲ್ಲದ ಹದಿನಾಲ್ಕರ ಹುಡುಗಿಗಿಂತ, ಅದು ಇರುವ ಒಂಬತ್ತರ ಹುಡುಗಿ ಶಿಬಿರದಲ್ಲಿ ಕ್ಷೇಮವಾಗಿರುತ್ತಾಳೆ.

ಹುಡುಗ ಹುಡುಗಿಯರು ಕೂಡಿ ಕಲಿಯುವ ಕಾಲದಲ್ಲಿ ಹೆಣ್ಣುಮಕ್ಕಳಿಗೇ ಪ್ರತ್ಯೇಕ ಶಿಬಿರ ಏಕೆ ಬೇಕು?

ಮಿಶ್ರ ಶಿಬಿರಗಳ ವಿರೋಧಿ ನಾನಲ್ಲ. ಆದರೂ ಅಂಥ ಶಿಬಿರಗಳಲ್ಲಿ ಕಂಡದ್ದನ್ನು ಹೇಳಬೇಕು. ಡೇರೆ ಕಟ್ಟುವಾಗ ಗೂಟ ಮತ್ತು ಸುತ್ತಿಗೆ ಯಾರೂ ಹೇಳದೆಯೇ ಹುಡುಗರ ಕೈಗೆ ಹೋಗುತ್ತವೆ; ಈಳಿಗೆಮಣೆಯೂ ಈರುಳ್ಳಿಯ ಬುಟ್ಟಿಯೂ ಅಷ್ಟೇ ಸಹಜವಾಗಿ ಹುಡುಗಿಯರ ಮುಂದೆ ಬಂದು ಕೂರುತ್ತವೆ. ಹುಡುಗಿಯರೇ ಇರುವ ಶಿಬಿರದಲ್ಲಿ ಗೂಟವನ್ನು ಹೊಡೆಯುವವರೂ ಅವರೇ, ಅದು ಓರೆಯಾಗಿ ಕುಳಿತರೆ ಕಿತ್ತು ಮತ್ತೆ ಹೊಡೆಯುವವರೂ ಅವರೇ ಆಗಿರುತ್ತಾರೆ.

ಈ ಮಾತಿಗೆ ನೂರು ವರ್ಷಕ್ಕೂ ಮೀರಿದ ಹಿನ್ನೆಲೆಯಿದೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಬಾಲಕ ಸ್ಕೌಟ್‌ಗಳ ಮೇಳ ನಡೆದಾಗ, ಕರೆಯದಿದ್ದರೂ ಸಮವಸ್ತ್ರ ಧರಿಸಿ ಬಂದು ನಿಂತ ಕೆಲವು ಹುಡುಗಿಯರು ತಾವೂ ಸ್ಕೌಟ್‌ಗಳೆಂದು ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರಿಗೆ ಹೇಳಿದರು. ಮರುವರ್ಷವೇ ಅವರ ಸೋದರಿ ಆಗ್ನೆಸ್ ಅವರ ನೇತೃತ್ವದಲ್ಲಿ ಗೈಡ್ ಚಳವಳಿ ರೂಪುಗೊಂಡಿತು. 1911ರಲ್ಲಿ ಅದು ಜಬಲ್‌ಪುರದ ಮೂಲಕ ಭಾರತಕ್ಕೂ ಬಂತು.

ಕರ್ನಾಟಕದಲ್ಲಿ ಇಂಥ ಶಿಬಿರಗಳನ್ನು ಯಾರು ನಡೆಸುತ್ತಾರೆ?

ಮೊದಲನೆಯದಾಗಿ, ಮಗಳ ಶಾಲೆಯಲ್ಲಿ ಗೈಡ್ ದಳವಿದೆಯೇ ಎಂದು ವಿಚಾರಿಸಿರಿ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ರಾಜ್ಯ ಶಾಖೆಗೆ ದೊಡ್ಡಬಳ್ಳಾಪುರದಲ್ಲಿ ಆ್ಯನಿ ಬೆಸೆಂಟ್ ಪಾರ್ಕ್ ಎಂಬ ತರಬೇತಿ ಕೇಂದ್ರವಿದೆ, ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲಿ ಕೆರೆಯ ಬಳಿ ಶಿಬಿರ ತಾಣವಿದೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯನ್ನು, ಅಂದರೆ ಸ್ಕೌಟ್ ಮತ್ತು ಗೈಡ್‌ಗಳ ಮಹಾಮೇಳವನ್ನು, ಅನೇಕರು ಕಂಡಿರಬಹುದು. ಎನ್‌ಸಿಸಿಯಲ್ಲಿ (ರಾಷ್ಟ್ರೀಯ ಕೆಡೆಟ್ ದಳ) 1949ರಿಂದಲೂ ಬಾಲಕಿಯರ ವಿಭಾಗವಿದ್ದು, ಅದರ ವಾರ್ಷಿಕ ತರಬೇತಿ ಶಿಬಿರಗಳು ಸಾಮಾನ್ಯವಾಗಿ ಹತ್ತು ದಿನ ನಡೆಯುತ್ತವೆ. ಸಾಹಸ ಕ್ರೀಡೆಗಳಲ್ಲಿ ಆಸಕ್ತಿಯಿದ್ದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯನ್ನು ವಿಚಾರಿಸಬಹುದು. ಇವುಗಳ ಹೊರತಾಗಿ ಖಾಸಗಿ ಶಿಬಿರಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಅತ್ಯುತ್ತಮವಾದವೂ ಇವೆ, ತೋಟದ ಮನೆಯೊಂದನ್ನು ಬಾಡಿಗೆಗೆ ಪಡೆದು ಹಗ್ಗವೊಂದನ್ನು ಕಟ್ಟಿ ಸಾಹಸ ಶಿಬಿರವೆಂದು ಫಲಕ ಹಾಕಿದವೂ ಇವೆ.

ಸಂಘಟಕರನ್ನು ಮೊದಲು ಏನು ಕೇಳಬೇಕು?

ಶೌಚಾಲಯಗಳು ಎಷ್ಟಿವೆ, ಅವುಗಳ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆಯೇ, ರಾತ್ರಿ ಅಲ್ಲಿಯವರೆಗೆ ದೀಪವಿದೆಯೇ, ನೀರು ನಲ್ಲಿಯಲ್ಲಿ ಬರುತ್ತದೆಯೇ ಅಥವಾ ಹೊತ್ತು ತರಬೇಕೇ, ಒಳಗೆ ಮುಚ್ಚಳವಿರುವ ಕಸದ ಬುಟ್ಟಿ ಇದೆಯೇ ಎಂಬಷ್ಟನ್ನು ಮೊದಲು ಕೇಳಿರಿ. ಸಾಧ್ಯವಾದರೆ ಸ್ಥಳಕ್ಕೇ ಹೋಗಿ ನೋಡಿರಿ. ಬೆಟ್ಟದ ಚಿತ್ರಗಳನ್ನು ಎಲ್ಲರೂ ಕಳುಹಿಸುತ್ತಾರೆ, ಬಚ್ಚಲಿನ ಚಿತ್ರವನ್ನು ಕೇಳಿದರೆ ಮಾತ್ರ ಸಂಘಟಕರ ನಿಜವಾದ ಸಿದ್ಧತೆ ತಿಳಿಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ನಮ್ಮ ದಳದ ಹುಡುಗಿಯರನ್ನು ಜಲಾಶಯವೊಂದರ ಹತ್ತಿರದ ಶಿಬಿರಕ್ಕೆ ಕರೆದೊಯ್ದಿದ್ದೆ. ಮೂವತ್ತೆರಡು ಹುಡುಗಿಯರಿಗೆ ಎರಡು ಶೌಚಾಲಯಗಳಿದ್ದವು, ಒಂದರ ಚಿಲಕ ಮುರಿದಿತ್ತು. ಎರಡನೆಯ ದಿನ ಮಧ್ಯಾಹ್ನ ಏಳನೆಯ ತರಗತಿಯ ಹುಡುಗಿಯೊಬ್ಬಳು ತಲೆಸುತ್ತಿ ಕುಳಿತಳು. ಅವಳ ನೀರಿನ ಬಾಟಲಿಯನ್ನು ಎತ್ತಿ ನೋಡಿದರೆ ಬೆಳಿಗ್ಗೆ ತುಂಬಿಸಿದ ನೀರು ಕುತ್ತಿಗೆಯವರೆಗೂ ಹಾಗೆಯೇ ಇತ್ತು. ವಿಚಾರಿಸಿದಾಗ, ನೀರು ಕುಡಿದರೆ ಆ ಬಾಗಿಲಿನ ಹತ್ತಿರ ಹೋಗಬೇಕಾಗುತ್ತದೆಂದು ಕುಡಿಯಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅವಳ ಜೊತೆಗಿದ್ದ ಇನ್ನೂ ಐದಾರು ಹುಡುಗಿಯರು ಅದನ್ನೇ ಮಾಡುತ್ತಿದ್ದರು. ಸಕ್ಕರೆ ಉಪ್ಪಿನ ನೀರು ಕುಡಿಸಿ ನೆರಳಿನಲ್ಲಿ ಮಲಗಿಸಿದ ಮೇಲೆ ಅವಳು ಸುಧಾರಿಸಿಕೊಂಡಳು. ಸ್ಥಳವನ್ನು ಮೊದಲೇ ನೋಡದೆ ಒಪ್ಪಿಕೊಂಡ ತಪ್ಪು ನನ್ನದೂ ಆಗಿತ್ತು. ಅಂದಿನಿಂದ ನನ್ನ ಚೀಲದಲ್ಲಿ ಎರಡು ಹೊಸ ಚಿಲಕ, ಒಂದು ತಿರುಪುಳಿ ಮತ್ತು ನಾಲ್ಕು ಮೊಳೆಗಳು ಸದಾ ಇರುತ್ತವೆ.

ಶಿಬಿರದ ದಿನಗಳಲ್ಲಿಯೇ ಮುಟ್ಟಾದರೆ ಏನು ಮಾಡುವುದು? ಕಳುಹಿಸದಿರುವುದೇ ಒಳ್ಳೆಯದಲ್ಲವೇ?

ಕಳುಹಿಸಿರಿ. ಹೊಟ್ಟೆನೋವು ವಿಪರೀತವಾಗಿರುವವರನ್ನು ಬಿಟ್ಟರೆ ನಡೆಯುವುದಕ್ಕಾಗಲಿ, ಬಂಡೆ ಏರುವುದಕ್ಕಾಗಲಿ, ಅಡುಗೆ ಮಾಡುವುದಕ್ಕಾಗಲಿ ಮುಟ್ಟು ಅಡ್ಡಿಯಲ್ಲ. ಶಿಬಿರದ ಅಡುಗೆಮನೆಯಲ್ಲಿ ಈ ಕಾರಣಕ್ಕೆ ಯಾರನ್ನೂ ದೂರ ಕೂರಿಸುವುದಿಲ್ಲವೆಂದು ಸಂಘಟಕರು ಮೊದಲ ದಿನವೇ ಹೇಳಬೇಕು.

ಸಾಮಾನ್ಯವಾಗಿ ಬಳಸುವ ಪ್ಯಾಡ್‌ಗಳನ್ನು ಎಂದಿನ ಲೆಕ್ಕಕ್ಕಿಂತ ಹೆಚ್ಚಾಗಿ ಕಟ್ಟಿಕೊಡಿ, ಏಕೆಂದರೆ ಪ್ರಯಾಣ ಮತ್ತು ದಣಿವಿನಿಂದ ದಿನ ಹಿಂದೆ ಮುಂದೆ ಆಗುವುದುಂಟು. ಇನ್ನೂ ಮೈನೆರೆಯದ ಹತ್ತು ಹನ್ನೊಂದು ವರ್ಷದ ಹುಡುಗಿಯ ಚೀಲದಲ್ಲಿಯೂ ನಾಲ್ಕು ಪ್ಯಾಡ್ ಇಟ್ಟು, ಅದನ್ನು ಬಳಸುವುದು ಹೇಗೆಂದು ಮನೆಯಲ್ಲಿಯೇ ತೋರಿಸಿ ಕಳುಹಿಸಿರಿ. ಮೊದಲ ಮುಟ್ಟು ಶಿಬಿರದಲ್ಲಿಯೇ ಆದ ಹುಡುಗಿಯರನ್ನು ನಾನು ಕಂಡಿದ್ದೇನೆ, ತಾಯಿ ಹೇಳಿ ಕಳುಹಿಸಿದ್ದವಳು ಅಳಲಿಲ್ಲ. ಬಟ್ಟೆ ಬಳಸುವವರಾದರೆ ಅದನ್ನು ಒಗೆದು ಬಿಸಿಲಿನಲ್ಲಿ ಒಣಗಿಸಲು ಮರೆಯಾದ ಜಾಗವಿದೆಯೇ ಎಂದು ಕೇಳಬೇಕು, ನೆರಳಿನಲ್ಲಿ ಅರ್ಧ ಒಣಗಿದ ಬಟ್ಟೆ ಸೋಂಕಿಗೆ ದಾರಿ. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಬೇಕು, ಚಾರಣದ ದಾರಿಯಲ್ಲಿ ಬುಟ್ಟಿ ಇರುವುದಿಲ್ಲವಾದ್ದರಿಂದ ಗಟ್ಟಿ ಚೀಲದಲ್ಲಿಟ್ಟು ಮರಳಿ ತರಬೇಕು, ಕಾಡಿನಲ್ಲಿ ಹೂಳಬಾರದು. ಸರ್ಕಾರಿ ಶಾಲೆಗಳ ಹುಡುಗಿಯರಿಗೆ ಶುಚಿ ಯೋಜನೆಯಡಿ ದೊರೆಯುವ ಪ್ಯಾಡ್‌ಗಳನ್ನು ಶಿಬಿರಕ್ಕೆಂದು ಸ್ವಲ್ಪ ಉಳಿಸಿಟ್ಟುಕೊಳ್ಳಬಹುದು.

ಬಟ್ಟೆ, ಕೂದಲು ಮತ್ತು ಒಡವೆಗಳ ವಿಷಯದಲ್ಲಿ ಏನು ಸೂಚನೆ?

ಹೊಸ ಬಟ್ಟೆಯೂ ಬೇಡ, ಹೊಸ ಶೂ ಅಂತೂ ಖಂಡಿತ ಬೇಡ. ತುಂಬು ತೋಳಿನ ಹತ್ತಿಯ ಅಂಗಿ, ಸಡಿಲವಾದ ಪ್ಯಾಂಟು, ಎರಡು ವಾರವಾದರೂ ಹಾಕಿ ನಡೆದು ಪಳಗಿದ ಶೂ, ದಿನಕ್ಕೊಂದರಂತೆ ಕಾಲುಚೀಲ ಇದ್ದರೆ ಸಾಕು. ಚೂಡಿದಾರದಲ್ಲಿಯೇ ಅಭ್ಯಾಸವಿರುವ ಹುಡುಗಿ ಅದರಲ್ಲಿಯೇ ಬೆಟ್ಟ ಹತ್ತಲಿ, ದುಪಟ್ಟಾ ಮಾತ್ರ ಡೇರೆಯಲ್ಲಿರಲಿ. ಹಗ್ಗ ಹಿಡಿದು ಇಳಿಯುವಾಗ ಜೋಲಾಡುವ ಯಾವುದೇ ಬಟ್ಟೆ ಕೊಂಡಿಯೊಳಗೆ ಸಿಕ್ಕಿಕೊಳ್ಳುತ್ತದೆ.

ಕೂದಲಿನ ವಿಷಯ ಚಿಕ್ಕದೆನಿಸಿದರೂ ಹಾಗಲ್ಲ. ತಲೆಯ ಮೇಲ್ಭಾಗದಲ್ಲಿ ಎತ್ತಿ ಕಟ್ಟಿದ ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಅದು ಹಿಂದಕ್ಕೆ ವಾಲಿ ಹಣೆ ತೆರೆದುಕೊಳ್ಳುತ್ತದೆ. ಕುತ್ತಿಗೆಯ ಬುಡದಲ್ಲಿ ಬಿಗಿಯಾಗಿ ಒಂದೇ ಜಡೆ ಹೆಣೆದು, ಅದನ್ನು ಅಂಗಿಯೊಳಗೆ ಇಳಿಬಿಟ್ಟರೆ ಹೆಲ್ಮೆಟ್ ನೆಟ್ಟಗೆ ಕೂರುತ್ತದೆ, ಜಡೆಯೂ ಹಗ್ಗಕ್ಕೆ ಸಿಗುವುದಿಲ್ಲ. ಬಳೆ, ಕಾಲ್ಗೆಜ್ಜೆ, ಸರ, ಜೋಲುವ ಓಲೆಗಳನ್ನು ಮನೆಯಲ್ಲಿಯೇ ಬಿಡಬೇಕು. ಚಿನ್ನದ ವಿಷಯದಲ್ಲಿ ಅಜ್ಜಿಯಂದಿರ ಒತ್ತಾಯಕ್ಕೆ ಮಣಿದು ಕಳುಹಿಸಿದ ಸರವನ್ನು ಹುಡುಕುತ್ತಾ ಇಡೀ ಶಿಬಿರ ಅರ್ಧ ದಿನ ಹುಲ್ಲು ಕೆದಕಿದ್ದನ್ನು ನಾನು ಇನ್ನೂ ಮರೆತಿಲ್ಲ.

ಶಿಬಿರದ ಕರಪತ್ರದಲ್ಲಿ ಮೇ ತಿಂಗಳಿಗೆ ಕುಮಾರಪರ್ವತ ಚಾರಣವೆಂದು ಬರೆದಿದೆ. ನಂಬಬಹುದೇ?

ನಂಬುವ ಮೊದಲು ಅರಣ್ಯ ಇಲಾಖೆಯ ಅನುಮತಿಯನ್ನು ತೋರಿಸಲು ಹೇಳಿರಿ. 1,712 ಮೀಟರ್ ಎತ್ತರದ ಆ ಬೆಟ್ಟ ಸೇರಿದಂತೆ ಪಶ್ಚಿಮಘಟ್ಟದ ಅನೇಕ ಚಾರಣ ಮಾರ್ಗಗಳನ್ನು ಒಣ ತಿಂಗಳುಗಳಲ್ಲಿ ಕಾಳ್ಗಿಚ್ಚಿನ ಭಯದಿಂದ ಮುಚ್ಚುತ್ತಾರೆ. ಶಾಲೆಗಳಿಗೆ ರಜೆ ಇರುವ ಏಪ್ರಿಲ್ ಮತ್ತು ಮೇ ತಿಂಗಳುಗಳೂ ಹುಲ್ಲುಗಾವಲು ಒಣಗಿ ನಿಂತಿರುವ ಕಾಲವೂ ಒಂದೇ ಆಗಿರುವುದು ನಮ್ಮ ಬೇಸಿಗೆ ಶಿಬಿರಗಳ ಮೂಲ ತೊಡಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿಯಾದ ಬಳಿಕ ಇಲಾಖೆಯು ನಿಯಮಗಳನ್ನು ಬಿಗಿಗೊಳಿಸಿತು, ಅದೇ ವರ್ಷ ಅರಣ್ಯ ವಿಹಾರ ಎಂಬ ಜಾಲತಾಣದ ಮೂಲಕ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಬಂದಿತು. ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯೂ ಇದೆ.

ಇದೇ ರೀತಿ ಕೊಡಗಿನ ಬರಪೊಳೆಯಲ್ಲಿ ರಭಸದ ನೀರಿನ ರಾಫ್ಟಿಂಗ್ ಮಳೆಗಾಲದ ಆಟ. ದಾಂಡೇಲಿಯ ಕಾಳಿ ನದಿಯಲ್ಲಿ ಅದು ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದೆ. ಋತುವಿಗೆ ಹೊಂದದ ಚಟುವಟಿಕೆಯನ್ನು ಮುದ್ರಿಸಿದ ಸಂಘಟಕರು ಒಂದೋ ಆ ಜಾಗವನ್ನು ಅರಿಯರು, ಅಥವಾ ಕಳೆದ ಡಿಸೆಂಬರ್‌ನ ಕರಪತ್ರಕ್ಕೆ ಹೊಸ ದಿನಾಂಕ ಹಾಕಿದ್ದಾರೆ.

ಬಂಡೆ ಏರುವುದು ಹುಡುಗಿಯರಿಗೆ ಅಪಾಯಕಾರಿಯಲ್ಲವೇ?

ಬಂಡೆಗೆ ಹುಡುಗ ಹುಡುಗಿಯೆಂಬ ಭೇದ ತಿಳಿಯದು. ತೋಳಿನ ಬಲದಿಂದ ಮೈಯನ್ನು ಎಳೆದುಕೊಳ್ಳಲು ಹೋಗುವವರು ಬೇಗ ದಣಿಯುತ್ತಾರೆ, ಕಾಲಿನ ಮೇಲೆ ಭಾರ ಹಾಕಿ ಸಮತೋಲನ ನೋಡಿಕೊಳ್ಳುವವರು ಏರುತ್ತಾರೆ, ಹಾಗೆ ನೋಡಿದರೆ ಮೊದಲ ದಿನ ಹುಡುಗಿಯರೇ ಚೆನ್ನಾಗಿ ಏರುವುದನ್ನು ಅನೇಕ ತರಬೇತುದಾರರು ಒಪ್ಪುತ್ತಾರೆ. ಸರಂಜಾಮು ಮಾತ್ರ ಅಳತೆಗೆ ಸರಿಯಾಗಿರಬೇಕು. ದೊಡ್ಡವರ ಹಾರ್ನೆಸ್ ಅನ್ನು, ಅಂದರೆ ಹಗ್ಗಕ್ಕೆ ಕೊಂಡಿ ಹಾಕಲು ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿಯನ್ನು, ಹನ್ನೊಂದರ ಹುಡುಗಿಗೆ ಬಿಗಿದರೆ ಅದು ಸೊಂಟದಿಂದ ಜಾರಬಹುದು. ಮಕ್ಕಳ ಅಳತೆಯ ಹಾರ್ನೆಸ್ ಎಷ್ಟಿವೆ ಎಂದು ಕೇಳಿರಿ. ಅದನ್ನು ತೊಡಿಸುವುದು ಮತ್ತು ಬಿಗಿ ನೋಡುವುದು ಮಹಿಳಾ ತರಬೇತುದಾರರ ಕೆಲಸವಾಗಿರಬೇಕು.

ಬೇಸಿಗೆಯಲ್ಲಿ ಸಾವನದುರ್ಗ, ರಾಮನಗರದ ಕಲ್ಲೂ ಬಾದಾಮಿಯ ಕೆಂಪು ಮರಳುಗಲ್ಲೂ ಹತ್ತು ಗಂಟೆಯ ಹೊತ್ತಿಗೆ ಅಂಗೈ ಸುಡುವಷ್ಟು ಕಾಯುತ್ತವೆ. ಆದ್ದರಿಂದ ಬೆಳಗಿನ ಆರಕ್ಕೆ ಆರಂಭಿಸಿ ಒಂಬತ್ತಕ್ಕೆ ಮುಗಿಸುವ ಶಿಬಿರವೇ ಸರಿಯಾದದ್ದು. ಇಂಥ ಬಂಡೆಗಳ ಗೋಡೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಹಾಗಾಗಿ ಅತ್ತರು, ಸೆಂಟು, ಬೆಂಕಿಯ ಹೊಗೆ, ಕೂಗಾಟ ಇವು ಯಾವುವೂ ಅಲ್ಲಿ ಸಲ್ಲವು. ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ಧಾಮವೆಂಬುದನ್ನೂ ನೆನಪಿಡಬೇಕು.

ಈಜು ಬಾರದ ಮಗಳನ್ನು ನೀರಿನ ಶಿಬಿರಕ್ಕೆ ಕಳುಹಿಸಬಹುದೇ?

ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಇದ್ದು, ನೀರಿಗಿಳಿಯುವ ಮೊದಲಿನಿಂದ ದಡ ಸೇರಿದ ನಂತರದವರೆಗೂ ಅದನ್ನು ಯಾರೂ ಬಿಚ್ಚದಂತೆ ನೋಡಿಕೊಳ್ಳುವ ಕಡೆಗೆ ಕಳುಹಿಸಬಹುದು. ಜಾಕೆಟ್ಟಿನ ಎರಡೂ ಭುಜಗಳನ್ನು ಹಿಡಿದು ಮೇಲಕ್ಕೆತ್ತಿದಾಗ ಅದು ಗಲ್ಲವನ್ನು ದಾಟಿ ಬಂದರೆ ಅಳತೆ ದೊಡ್ಡದೆಂದು ಅರ್ಥ. ಸಾಗರದ ಹತ್ತಿರದ ಹೊನ್ನೆಮರಡುವಿನಂಥ ಶರಾವತಿ ಹಿನ್ನೀರಿನ ತಾಣಗಳಲ್ಲಿ ಬೇಸಿಗೆಗೆ ನೀರು ಬಹಳ ಹಿಂದೆ ಸರಿಯುತ್ತದೆ. ನೀರು ತೀರ ಇಳಿದ ವರ್ಷಗಳಲ್ಲಿ ಲಿಂಗನಮಕ್ಕಿಯ ಒಡಲಲ್ಲಿ ಮುಳುಗಿರುವ ಹಿರೇಭಾಸ್ಕರದ ಹಳೆಯ ಅಣೆಕಟ್ಟೇ ಮೇಲೆದ್ದು ಕಾಣುತ್ತದೆ. ನೋಡಲು ಸೊಗಸು, ಆದರೆ ಮುಳುಗಿದ ಮರಗಳ ಬೊಡ್ಡೆಗಳೂ ಕಾಲು ಹೂಳುವ ಕೆಸರೂ ಅದೇ ಸಮಯದಲ್ಲಿ ದಡದ ಹತ್ತಿರ ಬರುತ್ತವೆ. ಎಂದಿನ ಜಾಗವೆಂದು ಯಾರೂ ಧುಮುಕಬಾರದು.

ಮಲೆನಾಡಿನ ಶಿಬಿರವೆಂದರೆ ಮಂಗನ ಕಾಯಿಲೆಯ ಭಯ. ಇದು ನಿಜವೇ?

ನಿಜ, ಮತ್ತು ಪೋಷಕರು ಕೇಳಲೇಬೇಕಾದ ಪ್ರಶ್ನೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಈ ರೋಗವು ಉಣುಗುಗಳ ಕಡಿತದಿಂದ ಹರಡುತ್ತದೆ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಬೇಸಿಗೆ ರಜೆಯೂ ಅದರೊಳಗೆ ಬರುತ್ತದೆ. ಶಿಬಿರದ ಜಾಗದ ಸುತ್ತಮುತ್ತ ಆ ವರ್ಷ ಮಂಗಗಳು ಸತ್ತಿವೆಯೇ, ಜ್ವರದ ಪ್ರಕರಣಗಳಿವೆಯೇ ಎಂದು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಿದರೆ ತಿಳಿಯುತ್ತದೆ. ಇದ್ದರೆ ಶಿಬಿರವನ್ನು ಬೇರೆ ಕಡೆಗೆ ಸ್ಥಳಾಂತರಿಸಬೇಕು. ಉಣುಗು ಕಡಿಯದಂತೆ ಮೈಗೆ ಎಣ್ಣೆ ಹಚ್ಚಿದರೆ ಸಾಕೆಂಬ ಸಮಾಧಾನ ಮಕ್ಕಳ ವಿಷಯದಲ್ಲಿ ಸಲ್ಲದು. ಪ್ರಕರಣಗಳಿಲ್ಲದ ಕಡೆಯಲ್ಲಿಯೂ ತರಗೆಲೆಯ ಮೇಲೆ ಕೂರಬಾರದು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು, ಸಂಜೆ ಸ್ನಾನದ ಹೊತ್ತಿಗೆ ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿಯ ಕೆಳಗೆ ಉಣುಗು ಇದೆಯೇ ಎಂದು ಹುಡುಗಿಯರು ತಾವೇ ನೋಡಿಕೊಳ್ಳಬೇಕು. ಇಂಬಳದ ಚಿಂತೆ ಬೇಡ, ಅದು ಮಳೆ ಹಿಡಿದ ಮೇಲಿನ ಕಾಟ.

ಹಾವುಗಳ ವಿಷಯ?

ಡೇರೆಯ ನೆಲದ ಮೇಲೆ ಮಲಗುವವರಿಗೆ ನಾಗರಹಾವಿಗಿಂತ ಕಟ್ಟುಹಾವು ಹೆಚ್ಚು ಚಿಂತೆಯ ವಿಷಯ. ಅದು ರಾತ್ರಿ ಓಡಾಡುತ್ತದೆ ಮತ್ತು ಅದರ ಕಡಿತ ಅಷ್ಟಾಗಿ ನೋಯದಿರುವುದರಿಂದ ನಿದ್ದೆಯಲ್ಲಿ ತಿಳಿಯದೆಯೂ ಹೋಗಬಹುದು. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸೇರಿಸಿ ಮಲಗುವುದು ಅತ್ಯುತ್ತಮ ರಕ್ಷಣೆ. ಬೆಳಿಗ್ಗೆ ಶೂಗಳನ್ನು ಕೊಡವಿ ಹಾಕಿಕೊಳ್ಳಬೇಕು, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬಾರದು. ಕಡಿತವಾದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಇವೆಲ್ಲ ತಪ್ಪು. ಕಡಿದ ಭಾಗವನ್ನು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ವಿಷನಿರೋಧಕ ಔಷಧ ಇರುವ ಅತ್ಯಂತ ಹತ್ತಿರದ ಆಸ್ಪತ್ರೆ ಯಾವುದೆಂದು ಸಂಘಟಕರು ಥಟ್ಟನೆ ಹೇಳಬೇಕು, ತಡವರಿಸಿದರೆ ಅಲ್ಲಿಗೆ ಮಗಳನ್ನು ಕಳುಹಿಸಬೇಡಿ.

ಗಂಡಸರಾದ ಸಿಬ್ಬಂದಿಯೂ ಇರುವ ಶಿಬಿರದಲ್ಲಿ ಮಗಳ ಸುರಕ್ಷತೆಯನ್ನು ಹೇಗೆ ಖಚಿತಪಡಿಸಿಕೊಳ್ಳುವುದು?

ಹುಡುಗಿಯರು ಮಲಗುವ ಜಾಗದ ಹತ್ತಿರವೇ ರಾತ್ರಿ ಮಹಿಳಾ ಮೇಲ್ವಿಚಾರಕಿಯರು ಮಲಗಬೇಕು. ವಯಸ್ಕರು ಯಾರೇ ಆಗಲಿ ಒಬ್ಬಳೇ ಹುಡುಗಿಯೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದೆಂಬ ನಿಯಮ ಅಡುಗೆಯವರಿಗೂ ಚಾಲಕರಿಗೂ ಅನ್ವಯವಾಗಬೇಕು. ಫೋಟೋ ತೆಗೆಯುವವರು ಯಾರು, ಅವು ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ಕೇಳಿರಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದೂ ದೂರು ನೀಡದಿರುವುದು ಸ್ವತಃ ಅಪರಾಧ. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸಂಸ್ಥೆಯ ಹೆಸರು ಕೆಡುತ್ತದೆ, ಒಳಗೇ ಬಗೆಹರಿಸಿಕೊಳ್ಳೋಣ ಎನ್ನುವವರಿಗೆ ಈ ಮಾತನ್ನು ನೆನಪಿಸಬೇಕು. ಮಕ್ಕಳ ಸಹಾಯವಾಣಿ 1098ನ್ನು ಮಗಳಿಗೆ ಬಾಯಿಪಾಠ ಮಾಡಿಸಿ ಕಳುಹಿಸಿರಿ.

ಮಗಳ ಬಳಿ ಮೊಬೈಲ್ ಇರಬೇಕೇ? ಅತ್ತರೆ ಏನು ಮಾಡುವುದು?

ಮೊಬೈಲ್ ಬೇಡ, ಆದರೆ ಅವಳು ಕೇಳಿದಾಗ ಮನೆಗೆ ಮಾತನಾಡಿಸುವ ವ್ಯವಸ್ಥೆ ಇರಲೇಬೇಕು. ಮನೆಯೊಂದಿಗೆ ಮಾತನಾಡಲು ಬಿಡುವುದಿಲ್ಲವೆಂಬ ಶಿಬಿರ ಸರಿಯಲ್ಲ. ಅಳು ಸಾಮಾನ್ಯವಾಗಿ ಎರಡನೆಯ ರಾತ್ರಿ ಬರುತ್ತದೆ, ಮೊದಲ ರಾತ್ರಿ ಹೊಸತನದಲ್ಲಿ ಕಳೆದುಹೋಗುತ್ತದೆ. ಶಿಬಿರಾಗ್ನಿಯ ಸುತ್ತ ಹಾಡಿ ಕುಣಿದು ದಣಿದವರು ಬೇಗ ನಿದ್ದೆ ಹೋಗುತ್ತಾರೆ. ಮೂರನೆಯ ದಿನವೂ ಊಟ ಬಿಟ್ಟು ಅಳುತ್ತಿದ್ದರೆ ಹೋಗಿ ಕರೆತನ್ನಿರಿ, ಅದನ್ನು ಸೋಲೆಂದು ಯಾರೂ ಹೇಳಬಾರದು.

ಇದರಿಂದ ಮುಂದೆ ಏನಾದರೂ ದಾರಿ ಇದೆಯೇ, ಅಥವಾ ರಜೆಯ ಆಟವಷ್ಟೇ ಆಗಿ ಉಳಿಯುತ್ತದೆಯೇ?

ದಾರಿ ಇದೆ. ಗೈಡ್ ಆದವಳು ಸೋಪಾನಗಳೆಂಬ ತರಬೇತಿಯ ಹಂತಗಳನ್ನು ಏರಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪ್ರಶಸ್ತಿಯವರೆಗೆ ಹೋಗಬಹುದು. ಜಗತ್ತಿನ ಗೈಡ್‌ಗಳು ಬಂದು ತಂಗುವ ವಿಶ್ವ ಕೇಂದ್ರಗಳಲ್ಲಿ ಒಂದಾದ ಸಂಗಮ್ 1966ರಿಂದ ಪುಣೆಯಲ್ಲಿಯೇ ಇದೆ. ಪರ್ವತಾರೋಹಣದ ಕಡೆಗೆ ಒಲವಿದ್ದರೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಮಹಿಳೆಯರಿಗಾಗಿಯೇ ನಡೆಯುವ ಕೋರ್ಸುಗಳಿವೆ. 1984ರ ಮೇ 23ರಂದು ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ತರಬೇತಿ ಪಡೆದದ್ದು ಅಲ್ಲಿಯೇ.

ನಮ್ಮ ಹುಡುಗಿಯರಿಗೆ ನಾನು ಹೆಚ್ಚಾಗಿ ಹೇಳುವುದು ಮಾಲಾವತ್ ಪೂರ್ಣಾ ಅವರ ವಿಷಯ. ನಿಜಾಮಾಬಾದ್ ಜಿಲ್ಲೆಯ ಪಾಕಾಲ ಎಂಬ ಹಳ್ಳಿಯಿಂದ ಬಂದು, ಸಮಾಜ ಕಲ್ಯಾಣ ವಸತಿ ಶಾಲೆಯಲ್ಲಿ ಓದುತ್ತಿದ್ದ ಅವರು 2014ರ ಮೇ 25ರಂದು ಎವರೆಸ್ಟ್ ತುದಿ ತಲುಪಿದಾಗ ಅವರಿಗೆ 13 ವರ್ಷ 11 ತಿಂಗಳು. ಅವರು ಮೊದಲು ಬಂಡೆ ಏರಲು ಕಲಿತದ್ದು ಭುವನಗಿರಿಯ ಬೆಟ್ಟದಲ್ಲಿ, ಅದು ನಮ್ಮ ಸಾವನದುರ್ಗದಂತೆಯೇ ಬೋಳು ಕಲ್ಲಿನ ಗುಡ್ಡ.

ಶಿಬಿರದಿಂದ ಮರಳಿದ ಮೇಲೆ ಏನನ್ನು ಗಮನಿಸಬೇಕು?

ಚೀಲವನ್ನು ಮನೆಯೊಳಗೆ ತರುವ ಮೊದಲು ಅಂಗಳದಲ್ಲಿಯೇ ಬಿಚ್ಚಿ, ಬಟ್ಟೆಗಳನ್ನೆಲ್ಲ ಬಿಸಿನೀರಿನಲ್ಲಿ ನೆನೆಹಾಕಿರಿ. ತಲೆಯಲ್ಲಿ ಹೇನು ಬಂದಿದೆಯೇ ಎಂದು ಬಾಚಿ ನೋಡಿರಿ, ಹತ್ತು ಹುಡುಗಿಯರು ಒಂದು ಡೇರೆಯಲ್ಲಿ ಮಲಗಿದರೆ ಅದು ಬಂದೇ ಬರುತ್ತದೆ, ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ಮಲೆನಾಡಿನಿಂದ ಬಂದಿದ್ದರೆ ಮುಂದಿನ ಎರಡು ವಾರಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡಲ್ಲಿ ವೈದ್ಯರಿಗೆ ತೋರಿಸಿ, ಯಾವ ತಾಲ್ಲೂಕಿನ ಯಾವ ಕಾಡಿನಲ್ಲಿ ಎಷ್ಟು ದಿನ ಇದ್ದಳೆಂಬುದನ್ನು ಕೇಳದಿದ್ದರೂ ಹೇಳಿರಿ; ಬೆಂಗಳೂರಿನ ವೈದ್ಯರಿಗೆ ಮಂಗನ ಕಾಯಿಲೆಯ ಸಂಶಯ ಬರುವುದು ಆ ಒಂದು ಮಾತಿನಿಂದಲೇ. ಹಾಗೆಯೇ, ಶಿಬಿರ ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎಂಬ ಒಂದೇ ಉತ್ತರ ಬರುತ್ತದೆ. ಅದರ ಬದಲು ಬಚ್ಚಲಿನಲ್ಲಿ ನೀರು ಬರುತ್ತಿತ್ತೇ, ಬಾಗಿಲು ಸರಿಯಾಗಿ ಹಾಕುತ್ತಿತ್ತೇ, ರಾತ್ರಿ ಹೊರಗೆ ಹೋಗಬೇಕಾದಾಗ ಜೊತೆಗೆ ಯಾರು ಬರುತ್ತಿದ್ದರು ಎಂದು ಕೇಳಿ, ಅವಳು ಹೇಳಿದ್ದನ್ನು ಸಂಘಟಕರಿಗೆ ಬರೆದು ಕಳುಹಿಸಿರಿ. ಮುಂದಿನ ಏಪ್ರಿಲ್‌ನಲ್ಲಿ ಅದೇ ಜಾಗಕ್ಕೆ ಬೇರೆ ಹುಡುಗಿಯರು ಹೋಗುವವರಿರುತ್ತಾರೆ.